ನಲವತ್ತು ಕಾಗದ ತನ್ನಿ

ಲಾಂಡ್ರಿ ಹಿಂದಿನ ಮನೆ,
ಭಾನುವಾರ, ಮಾರ್ಚ್ ಹತ್ತು, ಬೆಳಿಗ್ಗೆ ಏಳೂವರೆ

ನನ್ನ ಮುದ್ದು ತಗಡಮ್ಮನಿಗೆ ನಿನ್ನ ಸೋದರಮಾವ ಸೇತುವೆಯ ಈಚೆ ದಡದಿಂದ ಮಾಡುವ ಆಶೀರ್ವಾದಗಳು.

ಮೊದಲಿಗೇ ಒಂದು ಮಾತು ಇತ್ಯರ್ಥವಾಗಿಬಿಡಲಿ. ನೀನು ಇಲ್ಲಿಯವರೆಗೆ ಹಾಡಿದ ಹಾಡುಗಳನ್ನೆಲ್ಲ ಬರೆದವನು ನಾನು. ರಾಗ ನನ್ನದು, ಮಾತು ನನ್ನದು, ತಾಳವೂ ನನ್ನದೇ. ಬಾಯಿ ತೆರೆದದ್ದಷ್ಟೇ ನಿನ್ನ ಕೆಲಸ. ಇದನ್ನು ಕ್ಷೌರದಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದೇನೆ, ಯಾರೂ ಇಲ್ಲವೆನ್ನಲಿಲ್ಲ. ಕ್ಷೌರಿಕ ಮಾತ್ರ ಕತ್ತಿ ನಿಲ್ಲಿಸಿ, "ಹಂಗಾದ್ರೆ ಗಡಿಪಾರು ಅವಳಿಗ್ಯಾಕಪ್ಪಾ ಆಯ್ತು, ನಿನಗಲ್ವಾ ಆಗಬೇಕಿದ್ದು?" ಅಂದ. ಅಂಥ ಸಣ್ಣ ಮನಸ್ಸಿನವರಿಗೆ ನಾನು ಉತ್ತರ ಕೊಡುವುದಿಲ್ಲ. ಅದೂ ಅರ್ಧ ಗಡ್ಡ ಹೆರೆದು ಅವನ ಕತ್ತಿ ನನ್ನ ಕುತ್ತಿಗೆಯ ಮೇಲಿರುವಾಗ.

ನಿನ್ನ ಆರೋಗ್ಯ ಹೇಗಿದೆ? ಗಂಟಲು ಸರಿಯಾಯಿತೇ? ನಿನ್ನ ಮಹಡಿ ಕೋಣೆಯ ಗೋಡೆ ತೇವ ಹಿಡಿದಿದೆ, ಬೆಳಗಿನ ಹೊತ್ತು ಸ್ವರ ಕಟ್ಟುತ್ತದೆ ಎಂದು ನಿನ್ನಮ್ಮ ಹೋದ ಸಲ ನಿನ್ನನ್ನು ನೋಡಿ ಬಂದು ಹೇಳಿದಳು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದುಕೋ. ಬಿಸಿನೀರು ಕುಡಿ. ಸಂಕೋಚಪಟ್ಟುಕೊಂಡು ಮನೆಯೊಡತಿಯ ಹತ್ತಿರ ಸ್ಟವ್ ಕೇಳದೆ ಕೂತಿರಬೇಡ. ಊರೆಲ್ಲ ಕೇಳುವಂತೆ ಹಾಡುವವಳಿಗೆ ಒಂದು ಚೊಂಬು ಬಿಸಿನೀರು ಕೇಳಲು ಬಾಯಿ ಬರುವುದಿಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದು. ನನ್ನ ಆರೋಗ್ಯ ಎಂದಿನಂತೆ, ಅಂದರೆ ಇಪ್ಪತ್ತೈದರ ಹುಡುಗರು ಹೊಟ್ಟೆಕಿಚ್ಚು ಪಡುವಂತಿದೆ. ಸೊಂಟ ಮಾತ್ರ ಲಾಂಡ್ರಿಯ ಗಾಡಿಯಿಂದ ಇಳಿಯುವಾಗ ಒಂದಿಷ್ಟು ಹೊತ್ತು ಯೋಚನೆ ಮಾಡುತ್ತದೆ. ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಎದುರಿಗೇ ಕೂತು ಕಾಳು ಆರಿಸುತ್ತಿದ್ದಾಳೆ. ನಾನು ಏನು ಬರೆಯುತ್ತೇನೆಂದು ಆಗಾಗ ಕತ್ತು ಉದ್ದ ಮಾಡುತ್ತಾಳೆ. ಅವಳಿಗೆ ಓದು ಬರದಿದ್ದರೂ ನನ್ನ ಮುಖ ಓದುತ್ತಾಳೆ, ಅದಕ್ಕೇ ಗೋಡೆ ಕಡೆ ತಿರುಗಿ ಬರೆಯುತ್ತಿದ್ದೇನೆ.

ನಿನ್ನ ದಮ್ಮಡಿಯನ್ನು ಈ ಸಲ ನಿನ್ನಮ್ಮನ ಕೈಯಲ್ಲಿ ಕಳಿಸುತ್ತಿದ್ದೇವೆ. ಚರ್ಮ ಸಡಿಲಾಗಿತ್ತು. ನಾನು ಇಂಜಿನ್ನಿನ ಶಾಖಕ್ಕೆ ಹಿಡಿದು ಬಿಗಿ ಮಾಡಿದ್ದೇನೆ. ಬಿಲ್ಲೆಗಳಲ್ಲಿ ಒಂದು ಕಳೆದುಹೋಗಿತ್ತು, ಆ ಜಾಗಕ್ಕೆ ಸೋಡಾ ಬಾಟಲಿಯ ಮುಚ್ಚಳ ತಟ್ಟಿ ಹಾಕಿದ್ದೇನೆ. ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ನಿನಗೆ ಹಾಗೆ ಅನ್ನಿಸದಿದ್ದರೆ ಕಿವಿ ತೋರಿಸಿಕೋ. ಎರಡು ವರ್ಷದ ಕೂಸಾಗಿದ್ದಾಗ ಅಂಗಳದಲ್ಲಿ ಬಿದ್ದಿದ್ದ ತಗಡು ಬಡಿದು ಇಡೀ ಬೀದಿಯ ಮಧ್ಯಾಹ್ನದ ನಿದ್ದೆ ಕೆಡಿಸಿದವಳು ನೀನು, ತಗಡಮ್ಮ ಎಂದು ಹೆಸರಿಟ್ಟವನು ನಾನು. ಆಗ ನಿದ್ದೆ ಕೆಟ್ಟವರಲ್ಲಿ ಇಬ್ಬರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ.

ನಾನು ಈ ಕಾಗದ ಬರೆಯಲು ಕೂತದ್ದಕ್ಕೆ ಕಾರಣವಿದೆ. ನಾನು ನಿನ್ನದೊಂದು ಉಪಕಾರ ಸ್ಮರಿಸಬೇಕು, ಅದರ ಜೊತೆಗೆ ಒಂದು ತಪ್ಪೂ ಒಪ್ಪಿಕೊಳ್ಳಬೇಕು. ಎರಡೂ ಒಂದೇ ವಿಷಯದ್ದು, ನೀನು ಸಹಿ ಹಾಕದೆ ಎದ್ದು ಹೋದ ಆ ಮಂಗಳವಾರದ್ದು. ಮೂರು ವಾರದಿಂದ ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಪೆನ್ನು ಹಿಡಿದ ಕೂಡಲೇ ಸೊಂಟ ನೋಯುತ್ತದೆ, ಇಲ್ಲವೇ ಗಾಡಿಗೆ ಗಾಳಿ ಹಾಕಿಸುವುದು ನೆನಪಾಗುತ್ತದೆ. ಓದಿದ ಮೇಲೆ ನೀನು ನನ್ನನ್ನು ಮಾವ ಅನ್ನುತ್ತೀಯೋ ಇಲ್ಲವೋ ಗೊತ್ತಿಲ್ಲ. ಅದನ್ನು ಯೋಚಿಸುತ್ತಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಅದಕ್ಕೇ ಅಂತ ತಿಳಿ. ಇಲ್ಲದಿದ್ದರೆ ನನ್ನ ಅಕ್ಷರ ಮುದ್ದಾಗಿದೆ ಎಂದು ನಮ್ಮ ಹಳ್ಳಿಯ ಮೇಷ್ಟ್ರೇ ಹೇಳುತ್ತಿದ್ದರು. ಏಳನೇ ಇಯತ್ತೆಯಲ್ಲಿ ನನ್ನನ್ನು ಎರಡು ವರ್ಷ ಉಳಿಸಿಕೊಂಡದ್ದೂ ಅಕ್ಷರ ನೋಡುವ ಆಸೆಗೇ ಇರಬೇಕು.

ನೀನು ಊರು ಬಿಟ್ಟ ಮೇಲೆ ಲಾಂಡ್ರಿಯ ಮಡಿಸುವ ಕೋಣೆ ಹೇಗಿದೆಯೆಂದು ಮೊದಲು ಹೇಳುತ್ತೇನೆ. ಉದ್ದ ಮೇಜು ಅಲ್ಲೇ ಇದೆ, ಹಬೆಯೂ ಅಷ್ಟೇ ಇದೆ. ಆಸ್ಪತ್ರೆಯ ಚಾದರಗಳು ಬಿಸಿ ರೋಲರಿನಿಂದ ಈಚೆ ಬರುತ್ತವೆ, ಇಬ್ಬಿಬ್ಬರು ಹೆಂಗಸರು ನಾಲ್ಕು ಮೂಲೆ ಹಿಡಿಯುತ್ತಾರೆ, ಎಳೆಯುತ್ತಾರೆ, ಒಬ್ಬರ ಕಡೆ ಒಬ್ಬರು ನಡೆದು ಬಂದು ಮಡಿಸುತ್ತಾರೆ. ಚಾದರವೊಂದಕ್ಕೆ ನಾಲ್ಕು ಮಡಿಕೆ. ನೀನು ಹುಟ್ಟುವ ಮೊದಲಿನಿಂದಲೂ ಅಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಲೇ ಮಡಿಸುತ್ತಿದ್ದರು. ನೀನು ಬಂದು ಆ ಎಣಿಕೆಗೆ ಮಾತು ಹಾಕಿದೆ.

ಒಂದು ಮಡಿಕೆ ಮಾಲೀಕನಿಗೆ
ಎರಡು ಮಡಿಕೆ ಮನೆ ಬಾಡಿಗೆಗೆ
ಮೂರನೆಯದು ಅಂಗಡಿ ಸಾಲಕೆ
ನಾಲ್ಕನೆಯದು ಯಾರಿಗೆ, ಅಕ್ಕಾ, ನಾಲ್ಕನೆಯದು ಯಾರಿಗೆ?

ಆಮೇಲೆ ನಲವತ್ತು ಜನರೂ ಮೂಲೆ ಹಿಡಿದುಕೊಂಡೇ ಒಂದು ಉಸಿರು ಸುಮ್ಮನೆ ನಿಲ್ಲುವುದು. ಅಷ್ಟೇ. ಒಂದೇ ಉಸಿರು. ಕೆಲಸ ನಿಲ್ಲಿಸಿದರು ಎಂದು ಯಾರೂ ಹೇಳುವಂತಿಲ್ಲ, ಉಸಿರಾಡಬೇಡಿ ಅನ್ನುವಂತೆಯೂ ಇಲ್ಲ. ಆದರೆ ಸಾಯಂಕಾಲ ನನ್ನ ಗಾಡಿಗೆ ಎಂಟು ಗಂಟು ಕಡಿಮೆ ಬರುತ್ತಿತ್ತು. ಮಾಲೀಕ ಮೊದಲು ನನ್ನನ್ನೇ ಕಳ್ಳ ಅಂದುಕೊಂಡು ನನ್ನ ಸೀಟಿನ ಕೆಳಗೆಲ್ಲ ಹುಡುಕಿಸಿದ. ಸಿಕ್ಕಿದ್ದು ನಿನ್ನ ಅತ್ತೆಗೆ ಗೊತ್ತಾಗದಂತೆ ಇಟ್ಟಿದ್ದ ಬೀಡಿಕಟ್ಟು. ಎಂಟು ಗಂಟು ಎಲ್ಲಿ ಹೋದವೆಂದು ಅವನಿಗೆ ತಿಳಿಯಲು ಹದಿನೈದು ದಿನ ಹಿಡಿಯಿತು. ಅವು ಆ ಉಸಿರಿನೊಳಗೆ ಹೋಗಿದ್ದವು. ಕಾರಣ ತಿಳಿಯದವನೇನಲ್ಲ ಅವನು. ಹೋದ ವರ್ಷ ರೋಲರು ನಿನ್ನ ಅತ್ತೆಯ ಬಲಗೈಯ ಎರಡು ಬೆರಳು ತೆಗೆದುಕೊಂಡ ದಿನದಿಂದ ನೀವೆಲ್ಲ ಕೇಳುತ್ತಿದ್ದದ್ದು ಒಂದೇ. ಕೈ ತಗುಲಿದ ಕೂಡಲೇ ರೋಲರ್ ನಿಲ್ಲಿಸುವಂಥ ಅಡ್ಡಕಂಬಿ. ಮೂರು ರೋಲರಿಗೆ ಮೂರು ಕಂಬಿ. ಅವನು ನೋಡೋಣ ಅಂದ, ಅಂದಾಜು ತರಿಸೋಣ ಅಂದ, ಮುಂದಿನ ತಿಂಗಳು ಅಂದ. ನೀನು ಆ ಬೆರಳಿಗೂ ಹಾಡು ಕಟ್ಟಿ ಸಂತೆ ಬೀದಿಯಲ್ಲಿ ಹಾಡಿದೆ.

ಐದು ಬೆರಳ ಕೊಟ್ಟೆ ತಾಯಿ, ಕೆಲಸಕೆ ಕಳಿಸಿದೆ
ಮೂರು ಬೆರಳ ತಂದೆ ತಾಯಿ, ಮನೆಗೆ ಮರಳಿದೆ
ಎರಡು ಎಲ್ಲಿ ಎಂದು ನನ್ನ ಕೇಳಬೇಡವೇ
ಬಿಳಿಯ ಚಾದರ ಹೊದ್ದು ಮಲಗಿದವರ ಕೇಳವ್ವಾ

ಅದನ್ನು ಕೇಳಿ ನಿನ್ನ ಅತ್ತೆ, "ನನ್ನ ಬೆರಳು ಇದ್ದಾಗ ಯಾರೂ ನೋಡಲಿಲ್ಲ, ಹೋದ ಮೇಲೆ ಮೆರವಣಿಗೆ ಹೊರಡ್ತು ನೋಡು," ಅಂದಳು. ಬೈದಂತೆ ಹೇಳಿದರೂ ಅವತ್ತು ಇಡೀ ದಿನ ಅದೇ ಹಾಡು ಗುನುಗಿದಳು. ಮರುವಾರವೇ ನಿನಗೆ ಆದೇಶ ಬಂತು. ಊರ ಶಾಂತಿ ಕದಡುತ್ತಿರುವ ಕಾರಣ ಆರು ತಿಂಗಳು ಸೇತುವೆಯ ಈಚೆಗೆ ಕಾಲಿಡತಕ್ಕದ್ದಲ್ಲ. ಊರ ಶಾಂತಿ! ಹೊಸ್ತಿಲಲ್ಲಿ ಕೂತು ನಾನು ಮಾಡುವ ಗೊರಕೆಯಷ್ಟು ಶಾಂತಿ ಕದಡುವ ಹಾಡು ಇನ್ನೂ ಹುಟ್ಟಿಲ್ಲ, ನನ್ನನ್ನು ಮಾತ್ರ ಯಾರೂ ಗಡಿಪಾರು ಮಾಡಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಪೊಲೀಸ್ ಚೌಕಿಯ ಸಾಹೇಬರು ನನ್ನನ್ನು ಕರೆಸಿದರು. ಹುಡುಗಿ ಒಂದು ಕಾಗದಕ್ಕೆ ಸಹಿ ಹಾಕಿದರೆ ಆದೇಶ ವಾಪಸು, ಅವತ್ತೇ ಮನೆಗೆ ಬರಬಹುದು, ಹಿರಿಯರಾಗಿ ನೀವು ಸಾಕ್ಷಿ ಹಾಕಿ ಅಂದರು. ಆ ಮಂಗಳವಾರ ಸೇತುವೆ ತುದಿಯ ಚೌಕಿಗೆ ನಾನು ಕೋಟು ಹಾಕಿಕೊಂಡು ಬಂದದ್ದು ನೆನಪಿದೆಯಲ್ಲ? ಮದುವೆಯಲ್ಲಿ ಹೊಲಿಸಿದ್ದು, ಗುಂಡಿ ಹಾಕಿದರೆ ಉಸಿರು ಬರುವುದಿಲ್ಲ, ಉಸಿರು ಬಿಟ್ಟರೆ ಗುಂಡಿ ನಿಲ್ಲುವುದಿಲ್ಲ. ಜೇಬಿನಲ್ಲಿ ನನ್ನ ಶಾಯಿಪೆನ್ನು ಇತ್ತು. ಅವರ ಪೆನ್ನು ಬರೆಯದೆ ಹೋಗಿ ಕೆಲಸ ಕೆಟ್ಟೀತೆಂದು ಬೆಳಿಗ್ಗೆ ಎದ್ದು ಶಾಯಿ ತುಂಬಿಕೊಂಡು ಬಂದಿದ್ದೆ. ನಿನ್ನ ಅತ್ತೆ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಳು. ನಿನ್ನಮ್ಮ ರಜೆ ಕೇಳಿಕೊಂಡು ಮನೆ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಳು.

ಆ ಕೋಣೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೇಜಿನ ಗಾಜಿನ ಕೆಳಗೆ ಹಳೇ ಕ್ಯಾಲೆಂಡರು, ಒಂದು ಕಾಲು ಗಿಡ್ಡವಾದ ಬೆಂಚು, ಕಿರುಗುಟ್ಟುವ ಫ್ಯಾನು. ಸಾಹೇಬರು ಒಳ್ಳೆಯವರಂತೆಯೇ ಮಾತಾಡಿದರು, ಚಹಾ ತರಿಸಿದರು. ನೀನು ಕಾಗದವನ್ನು ಎರಡು ಸಲ ಓದಿದೆ. ಎರಡು ವರ್ಷ ಬೀದಿಯಲ್ಲಾಗಲಿ ಲಾಂಡ್ರಿಯಲ್ಲಾಗಲಿ ಹಾಡುವುದಿಲ್ಲ, ಹಾಡಿಸುವುದೂ ಇಲ್ಲ. ಅಷ್ಟೇ ಅದರಲ್ಲಿದ್ದದ್ದು. ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಿದ್ದೆ. ನೀನು ಕಾಗದ ಮೇಜಿನ ಮೇಲಿಟ್ಟು, "ಸಾರ್, ಈ ಹಾಡು ನಾನೊಬ್ಬಳೇ ಹಾಡಲ್ಲ, ಮಡಿಸೋ ಕೋಣೇಲಿ ನಲವತ್ತು ಜನ ಹಾಡ್ತಾರೆ. ನನ್ನೊಬ್ಬಳ ಸಹಿ ತಗೊಂಡು ಏನ್ಮಾಡ್ತೀರಾ? ನಲವತ್ತು ಕಾಗದ ತನ್ನಿ," ಅಂದೆ. ಅವರು ನಕ್ಕರು. "ನೀನು ಹಾಕಿದ್ರೆ ಸಾಕಮ್ಮಾ. ನೋಡು, ನಿಮ್ಮ ಮಾವ ಕರ್ಕೊಂಡು ಹೋಗೋಕೇ ಬಂದಿದ್ದಾರೆ," ಅಂದರು. ಆಗ ನೀನು ನನ್ನ ಕಡೆ ತಿರುಗಿದೆ. ನಾನು ಕಣ್ಣಲ್ಲೇ, ಹಾಕಮ್ಮಾ, ಬರೀ ಕಾಗದ, ಅಂದೆ. ನೀನು ಅದನ್ನು ಏನೆಂದು ತಿಳಿದೆಯೋ. ಎದೆಯೆತ್ತಿ, "ಅವರು ಕರ್ಕೊಂಡು ಹೋಗೋಕಲ್ಲ ಸಾರ್, ನನ್ನ ಜೊತೆ ನಿಲ್ಲೋಕೆ ಬಂದಿರೋದು. ಗೋದಾಮಿನ ಮುಷ್ಕರದಲ್ಲಿ ಹನ್ನೊಂದು ದಿನ ಹೊರಗೆ ನಿಂತು ಸಹಿ ಹಾಕದೇ ಇದ್ದವರು ನಮ್ಮ ಮಾವ. ಅವರೆದುರಿಗೆ ನಾನು ಹೆಂಗೆ ಹಾಕಲಿ?" ಅಂದೆ.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಎದ್ದು, "ಕೂತ್ಕೊಳ್ಳಿ ಯಜಮಾನ್ರೇ," ಅಂತ ತಮ್ಮ ಪಕ್ಕದ ಕುರ್ಚಿ ಎಳೆದು ಕೊಟ್ಟರು. ತಗಡಮ್ಮಾ, ನನ್ನ ಜನ್ಮದಲ್ಲಿ ನನಗೆ ಅಧಿಕಾರಿಯೊಬ್ಬ ಕುರ್ಚಿ ಕೊಟ್ಟದ್ದು ಅದೊಂದೇ ಸಲ. ಮುಳ್ಳಿನ ಮೇಲೆ ಕೂತಂತೆ ಕೂತೆ. ಪೆನ್ನನ್ನು ಮುಚ್ಚಳ ಹಾಕದೆಯೇ ಅವಸರದಲ್ಲಿ ಜೇಬಿಗೆ ಇಳಿಸಿದ್ದೆ. ಮನೆಗೆ ಬಂದು ನೋಡಿದರೆ ಕೋಟಿನ ಎದೆಯ ಮೇಲೆ ಅಂಗೈ ಅಗಲ ನೀಲಿ. ದಿನಕ್ಕೆ ಎರಡು ಸಾವಿರ ಚಾದರ ಬೆಳ್ಳಗೆ ಮಾಡುವ ಲಾಂಡ್ರಿಯವರಿಗೆ ಆ ಕಲೆ ತೆಗೆಯಲಾಗಲಿಲ್ಲ. ನಿನ್ನ ಆದೇಶ ಆರು ತಿಂಗಳಿದ್ದದ್ದು ಒಂದು ವರ್ಷವಾಯಿತು. ನಿನ್ನಮ್ಮ ಸುದ್ದಿ ಕೇಳಿ ನಿನ್ನ ಹಾಸಿಗೆ ಸುತ್ತಿಟ್ಟಳು.

ಈಗ ನಿಜ ಹೇಳುತ್ತೇನೆ. ಗೋಡೆ ಕಡೆ ಇನ್ನೂ ಸ್ವಲ್ಪ ತಿರುಗಿದ್ದೇನೆ. ಗೋದಾಮಿನ ಮುಷ್ಕರ ಹನ್ನೊಂದು ದಿನ ನಡೆದದ್ದು ನಿಜ. ನಾನು ಅದರಲ್ಲಿ ಮೂರು ದಿನ ಇದ್ದೆ. ಮೂರನೆಯ ದಿನ ಮಧ್ಯಾಹ್ನ ಗುಮಾಸ್ತ ಮೇಜು ಹಾಕಿಕೊಂಡು ಕೂತ. ಇಂಥ ಗುಂಪಿಗೆ ಇನ್ನು ಸೇರುವುದಿಲ್ಲ ಎಂಬ ಕಾಗದ. ನಾನು ಸಾಲಿನಲ್ಲಿ ಏಳನೆಯವನು. ಉಳಿದವರು ಹೆಬ್ಬೆಟ್ಟು ಒತ್ತಿದರು, ನಾನು ಓದಿದವನಲ್ಲವೇ, ಸಹಿ ಹಾಕಿದೆ. ಕೊನೆಯಲ್ಲಿ ಬಾಲ ಎಳೆದು ಎರಡು ಚುಕ್ಕಿಯನ್ನೂ ಇಟ್ಟೆ. ಗುಮಾಸ್ತ, "ಎಷ್ಟು ಚಂದ ಸಹಿ ಹಾಕ್ತೀಯಲ್ಲೋ," ಅಂದ. ಅಷ್ಟೊತ್ತಿನಲ್ಲೂ ನನಗೆ ಖುಷಿಯಾಯಿತು ನೋಡು! ಮಿಕ್ಕ ಎಂಟು ದಿನ ನಾನು ಗೋದಾಮಿನ ಒಳಗೆ ಮೂಟೆ ಹೊತ್ತೆ. ಹೊರಗೆ ನಿಂತವರು ಹಾಡುತ್ತಿದ್ದರು. ಬಾಗಿಲು ಹಾಕಿದ್ದರೂ ತಗಡಿನ ಗೋಡೆಯಲ್ಲಿ ಅದು ಪೂರ್ತಿ ಒಳಗೆ ಬರುತ್ತಿತ್ತು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಹಾಡು ಹೇಳಿಕೊಡುವಾಗೆಲ್ಲ, ನಾವು ಬಾಗಿಲ ಹೊರಗೆ ನಿಂತು ಹೀಗೆ ಹಾಡಿದೆವು ಎಂದು ಹೇಳಿದೆನಲ್ಲ, ಅದನ್ನು ನಾನು ಬಾಗಿಲ ಒಳಗೆ ನಿಂತು ಕಲಿತದ್ದು. ಹೆಗಲ ಮೇಲೆ ಮೂಟೆ ಇತ್ತು. ಆಮೇಲೆ ಅದೇ ಹೆಗಲ ಮೇಲೆ ನೀನು ಬಂದೆ. ನೀನು ಕಣ್ಣರಳಿಸಿ, "ಆಮೇಲೇನಾಯ್ತು ಮಾವಾ?" ಅನ್ನುತ್ತಿದ್ದೆ. ಪ್ರತಿ ಸಲ ಕೇಳಿದಾಗಲೂ ಒಂದೊಂದು ದಿನ ಸೇರಿಸುತ್ತಾ ಹೋದೆ. ಮೂರಿದ್ದದ್ದು ಐದಾಯಿತು, ಎಂಟಾಯಿತು, ಕೊನೆಗೆ ಹನ್ನೊಂದಾಯಿತು. ನಿನ್ನ ಅತ್ತೆಗೆ ಎಲ್ಲಾ ಗೊತ್ತು. ಆಗ ನಮಗೆ ಮದುವೆಯಾಗಿ ಎರಡು ತಿಂಗಳು. ನಾನು ಸಹಿ ಹಾಕಿ ಮನೆಗೆ ಬಂದ ದಿನ ಅವಳು ಏನೂ ಕೇಳಲಿಲ್ಲ, ನೀರು ಕಾಯಿಸಿಟ್ಟಿದ್ದಳು. ನಾನು ನಿನ್ನ ಮುಂದೆ ದಿನ ಸೇರಿಸುತ್ತಾ ಹೋದಾಗಲೂ ಒಂದು ದಿನವೂ ನನ್ನ ಮಾನ ತೆಗೆಯಲಿಲ್ಲ. ಹನ್ನೊಂದು ದಾಟಿದರೆ ಮಾತ್ರ ಕೆಮ್ಮುತ್ತಿದ್ದಳು.

ಇದು ಮೊದಲನೆಯದು. ಎರಡನೆಯದು ಇನ್ನೂ ಕೆಟ್ಟದ್ದು. ಆ ಮಂಗಳವಾರದ ಹಿಂದಿನ ದಿನ ನಾನು ಕ್ಷೌರದಂಗಡಿಯಲ್ಲಿ ಕೂತಿದ್ದೆ. ಕ್ಷೌರಿಕ ನಿನ್ನ ಹಾಡೇ ಹೇಳಿಕೊಂಡು ಕತ್ತಿ ಮಸೆಯುತ್ತಿದ್ದ. "ನಾಳೆ ನಿನ್ನ ಸೊಸೆ ಸಹಿ ಹಾಕಲ್ಲ ಬಿಡು," ಅಂದ. "ಹಾಕ್ತಾಳೆ," ಅಂದೆ. "ಇಲ್ಲ ಕಣಯ್ಯಾ, ಅವಳ ಕಣ್ಣು ನೋಡಿದೀನಿ, ಹಾಕಲ್ಲ." "ಎಲ್ಲರೂ ಹಾಕ್ತಾರೆ, ಅವಳೇನು ಮೇಲಿಂದ ಇಳಿದು ಬಂದಿದಾಳಾ?" ಅಂದೆ. "ಹಂಗಾದ್ರೆ ಕಟ್ಟು," ಅಂದ. ಕಟ್ಟಿದೆ. ನೀನು ಸಹಿ ಹಾಕುತ್ತೀಯೆಂದು ನಾನು ಐವತ್ತು ರೂಪಾಯಿ ಕಟ್ಟಿದೆ. ನಿನ್ನ ಸೋದರಮಾವ, ನಿನ್ನನ್ನು ಎತ್ತಿ ಆಡಿಸಿದವನು, ನಿನ್ನ ಮೇಲೆ ಹಣ ಕಟ್ಟಿದೆ. ನಿನ್ನನ್ನು ಹೇಗಾದರೂ ಮನೆಗೆ ಕರೆತರುವ ಆಸೆಯಿತ್ತು, ಅದು ಸುಳ್ಳಲ್ಲ. ಆದರೆ ಆಸೆಗೆ ಯಾರೂ ಪಂಥ ಕಟ್ಟುವುದಿಲ್ಲ. ತಾನು ಸಹಿ ಹಾಕಿದವನಿಗೆ ಲೋಕವೆಲ್ಲ ಸಹಿ ಹಾಕುತ್ತದೆ ಅಂದುಕೊಂಡರೇ ನಿದ್ದೆ ಬರುವುದು. ಮೂವತ್ತೆರಡು ವರ್ಷ ನನಗೆ ಚೆನ್ನಾಗಿ ನಿದ್ದೆ ಬಂದಿದೆ.

ಬೈಯುವುದಿದ್ದರೆ ಇಲ್ಲಿ ಒಂದಿಷ್ಟು ಹೊತ್ತು ಓದುವುದನ್ನು ನಿಲ್ಲಿಸಿ ಬೈದುಕೋ. ಆಮೇಲೆ ಮುಂದಕ್ಕೆ ಓದು, ಒಳ್ಳೆಯ ಸುದ್ದಿ ಇದೆ.

ನಲವತ್ತು ಕಾಗದ ತನ್ನಿ ಅಂದೆಯಲ್ಲ, ಸಾಹೇಬರು ನಕ್ಕರೂ ಮಾಲೀಕ ನಗಲಿಲ್ಲ. ಅವನಿಗೆ ಅದು ಒಳ್ಳೆಯ ಉಪಾಯವಾಗಿ ಕಂಡಿತು. ಮುಂದಿನ ಸೋಮವಾರ ನಿಜವಾಗಿಯೂ ಅಚ್ಚು ಹಾಕಿಸಿ ತಂದುಬಿಟ್ಟ! ಮಡಿಸುವವರಿಗೆ ನಲವತ್ತು, ರೋಲರಿನವರಿಗೆ, ಗಾಡಿಯವರಿಗೆ ಬೇರೆ. ಕೆಲಸದ ವೇಳೆಯಲ್ಲಿ ಹಾಡುವುದಿಲ್ಲ, ಗುಂಪು ಕಟ್ಟುವುದಿಲ್ಲ, ಹಾಡಿದರೆ ಕೆಲಸ ಬಿಡಿಸಬಹುದು. ಮಧ್ಯಾಹ್ನ ಬಂದು ಕಾಗದಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಇಡಿಸಿ, "ಸಂಜೆಯೊಳಗೆ ನನ್ನ ಟೇಬಲ್ಲಿಗೆ ಬರಬೇಕು," ಎಂದು ಹೇಳಿ ಹೋದ. ನಾನು ಗಂಟು ಹೇರಲು ಬಾಗಿಲಲ್ಲಿ ನಿಂತಿದ್ದೆ. ರೋಲರ್ ತಿರುಗುತ್ತಲೇ ಇತ್ತು. ನಿನ್ನಮ್ಮ ಮೇಜಿನ ತಲೆಯಲ್ಲಿದ್ದಳಲ್ಲ, ತನ್ನ ಮುಂದಿನ ಕಾಗದ ಎತ್ತಿಕೊಂಡಳು. ಎದುರಿನವಳು ಅಭ್ಯಾಸಬಲದಿಂದ ಆ ಕಡೆಯ ಎರಡು ಮೂಲೆ ಹಿಡಿದಳು. ಆ ಕೋಣೆಯಲ್ಲಿ ಏನು ಕೈಗೆ ಬಂದರೂ ಹಾಗೇ, ನೀನೇ ಬಲ್ಲೆ, ಒಬ್ಬರು ಎತ್ತಿದರೆ ಇನ್ನೊಬ್ಬರು ಮೂಲೆ ಹಿಡಿಯುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಿನ್ನಮ್ಮ, ಜನ್ಮದಲ್ಲಿ ಒಂದು ಸಾಲು ನೆಟ್ಟಗೆ ಹಾಡದವಳು, ಆ ಒಡೆದ ಸ್ವರದಲ್ಲಿ ಒಂದು ಮಡಿಕೆ ಮಾಲೀಕನಿಗೆ ಅಂದಳು. ಮಡಿಸಿದರು. ನಾಲ್ಕನೆಯ ಮಡಿಕೆಗೆ ಇಡೀ ಕೋಣೆ ಹಾಡುತ್ತಿತ್ತು. ನಲವತ್ತು ಕಾಗದವನ್ನೂ ಇಬ್ಬಿಬ್ಬರು ಹಿಡಿದು ಚಾದರದ ಹಾಗೆ ನಾಲ್ಕು ಮಡಿಕೆ ಮಡಿಸಿ, ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಇಟ್ಟರು. ಆಸ್ಪತ್ರೆಗೆ ಕಳಿಸುವ ಗಂಟೂ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

ನನ್ನ ಹೆಸರಿನ ಕಾಗದ ಗಾಡಿಯ ಸೀಟಿನ ಮೇಲಿತ್ತು. ಎತ್ತಿಕೊಂಡೆ. ಜೇಬಿನಲ್ಲಿ ಅದೇ ಪೆನ್ನು. ಸುಳ್ಳು ಹೇಳುವುದಿಲ್ಲ, ಮುಚ್ಚಳದ ಮೇಲೆ ಕೈ ಹೋಯಿತು. ಮೂವತ್ತೆರಡು ವರ್ಷದ ಹಿಂದಿನ ಆ ಮೇಜು, ಗುಮಾಸ್ತ, ನನ್ನ ಹಿಂದಿನ ಸಾಲು ಎಲ್ಲಾ ಕಣ್ಮುಂದೆ ಬಂತು. ಆಗ ನೀನು ಚೌಕಿಯಲ್ಲಿ ಎದೆಯೆತ್ತಿ ಹೇಳಿದ್ದು ಕಿವಿಯಲ್ಲಿ ಕೇಳಿತು, ಅವರೆದುರಿಗೆ ನಾನು ಹೆಂಗೆ ಹಾಕಲಿ. ನೀನು ಹೇಳಿದ ಆ ಮನುಷ್ಯ ಎಲ್ಲೂ ಇರಲಿಲ್ಲ, ತಗಡಮ್ಮಾ. ನಾನು ಕಟ್ಟಿದ ಸುಳ್ಳನ್ನು ನಂಬಿ, ನೀನು ಒಂದು ವರ್ಷ ಮನೆ ಬಿಟ್ಟಿರಲು ಒಪ್ಪಿದೆ. ಅಷ್ಟು ಮಾಡಿದ ಮೇಲೆ ಅವನನ್ನು ಒಂದು ಮಧ್ಯಾಹ್ನದ ಮಟ್ಟಿಗಾದರೂ ನಾನು ನಿಜ ಮಾಡದಿದ್ದರೆ ಹೇಗೆ? ಪೆನ್ನು ಬಿಟ್ಟೆ. ಕಾಗದವನ್ನು ಮಡಿಸಹೋದರೆ ನನಗೆ ಮಡಿಸಲು ಬರುವುದಿಲ್ಲ! ಮೂವತ್ತು ವರ್ಷದಿಂದ ಮಡಿಸಿದ್ದನ್ನು ಹೊತ್ತವನು, ಒಂದು ದಿನವೂ ಮಡಿಸಿದವನಲ್ಲ. ಅಡ್ಡಾದಿಡ್ಡಿ ಆಯಿತು. ನಿನ್ನ ಅತ್ತೆ ರೋಲರಿನ ಹತ್ತಿರದಿಂದ ಕೈ ಒರೆಸಿಕೊಂಡು ಬಂದಳು. "ಕೊಡಿ ಇಲ್ಲಿ, ಇದಕ್ಕೂ ನಾನೇ ಬರಬೇಕು," ಅಂದಳು. ಆ ಕಡೆಯ ಎರಡು ಮೂಲೆಯನ್ನು ಮೂರು ಬೆರಳಿನ ಕೈಯಲ್ಲಿ ಹಿಡಿದು ನನ್ನ ಕಡೆ ನಡೆದು ಬಂದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದಕ್ಕೆ ನನ್ನ ಮುಖ ನೋಡಿ ಮೆಲ್ಲಗೆ, "ಈಗ ಹನ್ನೊಂದು ಆಯ್ತು ಬಿಡಿ," ಅಂದಳು. ನಾನು ಗಾಡಿಯ ಹಿಂದೆ ಹೋಗಿ ಗಂಟು ಹೇರಿದೆ. ಬೆವರು ತುಂಬಾ ಬಂತು, ಕಣ್ಣಿಗೂ ಇಳಿಯಿತು.

ಆ ಕಟ್ಟನ್ನು ಮಾಲೀಕನ ಮೇಜಿನ ಮೇಲೆ ಇಟ್ಟು ಬಂದವನು ನಾನೇ. ಇದರಲ್ಲಿ ಬಡಾಯಿ ಇಲ್ಲ, ಯಾರನ್ನಾದರೂ ಕೇಳು. ಅವನು ಒಂದೊಂದನ್ನೇ ಬಿಡಿಸಿ ನೋಡಿದ. ಎಲ್ಲಿಯೂ ಒಂದು ಗೀಟೂ ಇರಲಿಲ್ಲ. ಎಲ್ಲರನ್ನೂ ಕೆಲಸದಿಂದ ಬಿಡಿಸುವುದಾದರೆ ನಾಳೆ ಆಸ್ಪತ್ರೆಗೆ ಚಾದರ ಯಾರು ಕಳಿಸುತ್ತಾರೆ? ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಕಮ್ಮಾರ ಅಳತೆ ತೆಗೆದುಕೊಳ್ಳಲು ಬಂದ. ಮೊನ್ನೆ ಗುರುವಾರ ಎರಡು ರೋಲರಿಗೆ ಅಡ್ಡಕಂಬಿ ಬಿತ್ತು. ಮೂರನೆಯದಕ್ಕೆ ಈ ವಾರ ಹಾಕಿಸುತ್ತೇನೆ ಅಂದಿದ್ದಾನೆ. ಹಾಕುವವರೆಗೆ ಆ ಒಂದು ಉಸಿರು ನಿಲ್ಲುವುದು ನಡೆದೇ ಇದೆ. ಕಂಬಿ ಹಾಕಿದ ಮೊದಲ ದಿನ ನಿನ್ನ ಅತ್ತೆ ಬೇಕೆಂದೇ ಮೊಣಕೈ ತಗುಲಿಸಿದಳು. ಅಷ್ಟು ದೊಡ್ಡ ರೋಲರ್ ಗಕ್ಕನೆ ನಿಂತಿತು. ಮತ್ತೆ ಶುರು ಮಾಡಿದರು, ಮತ್ತೆ ತಗುಲಿಸಿದಳು. ಹೀಗೆ ನಾಲ್ಕು ಸಲ. ಮೇಸ್ತ್ರಿ, "ಏನಮ್ಮಾ, ಆಟಾನಾ ಇದು?" ಅಂದರೆ, "ಹೋದ ವರ್ಷ ನಾನು ಕಿರುಚಿದಾಗ ಇದು ನಿಲ್ಲಲಿಲ್ಲ, ಅದಕ್ಕೆ ನೋಡ್ತಾ ಇದೀನಿ," ಅಂದಳಂತೆ.

ಆದ್ದರಿಂದ ಮಗಳೇ, ನಾನು ನಿನಗೆ ಋಣಿ. ಅತ್ತೆಯ ಉಳಿದ ಎಂಟು ಬೆರಳಿಗೆ, ನಿನ್ನಮ್ಮನಿಗೆ ಬಂದ ಆ ಒಡಕು ಸ್ವರಕ್ಕೆ, ಆ ಒಂದು ಮಧ್ಯಾಹ್ನಕ್ಕೆ ಎಲ್ಲಕ್ಕೂ ಋಣಿ. ನನ್ನ ಮಾತು ಕೇಳದೆ ಇದ್ದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಋಣಿ. ನೀನು ಸಹಿ ಹಾಕಿದ್ದರೆ ನಾನು ಗೆದ್ದ ಐವತ್ತನ್ನು ಜೇಬಿಗೆ ಹಾಕಿಕೊಂಡು, ನೋಡಿದ್ಯಾ, ಲೋಕವೇ ಹೀಗೆ, ಎಂದು ಸಾಯುವತನಕ ಹೇಳಿಕೊಂಡು ತಿರುಗುತ್ತಿದ್ದೆ. ಸೋತು ಇಷ್ಟು ಹಗುರಾದವನು ಈ ಊರಲ್ಲಿ ಇನ್ನೊಬ್ಬನಿಲ್ಲ. ಇನ್ನು ಏಳು ತಿಂಗಳು. ಅಲ್ಲಿಯೂ ಸುಮ್ಮನೆ ಕೂರುವವಳಲ್ಲ ನೀನು. ಆ ದಡದ ಬೀಡಿ ಕಟ್ಟುವ ಹೆಂಗಸರಿಗೆ ಏನೋ ಹಾಡು ಕಟ್ಟುತ್ತಿದ್ದಾಳೆ ಎಂದು ನಿನ್ನಮ್ಮ ಗುಟ್ಟಾಗಿ ಹೇಳಿದಳು. ಗುಟ್ಟು ನನ್ನ ಹತ್ತಿರ ಭದ್ರ. ಕ್ಷೌರದಂಗಡಿಗೆ ಮಾತ್ರ ಗೊತ್ತು.

ನಿನಗೆ ಒಳ್ಳೆಯದಾಗಲಿ. ಸ್ವರ ಗಟ್ಟಿಯಾಗಿರಲಿ, ಎದೆ ಈಗಿರುವಷ್ಟೇ ಗಟ್ಟಿಯಾಗಿದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ನಮಗೆ ತಡೆಯಲಾಗುವುದಿಲ್ಲ. ಮನೆಯೊಡತಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಅತ್ತೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಬರೆಯಲು ಹೇಳುತ್ತಿದ್ದಾಳೆ, ಬರೆದಿದ್ದೇನೆ. ಪೂರ್ತಿ ಓದಿ ಹೇಳಿ ಅನ್ನುತ್ತಿದ್ದಾಳೆ, ಅದನ್ನು ಮಾತ್ರ ಮಾಡುವುದಿಲ್ಲ.

ಇಂತಿ,
ನೀನು ಇನ್ನೂ ಹಾಗೆ 
ಕರೆಯುವುದಾದರೆ, ನಿನ್ನ ಮಾವ

ಮರೆತ ಮಾತು: ನಿನ್ನಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಬಸ್ಸು ಹೋಗುತ್ತೆ ಎಂದು ಕೂಗುತ್ತಿದ್ದಾಳೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಐವತ್ತು ಎಂದು ಎರಡು ಕಡೆ ಬರೆದಿದ್ದೇನೆ. ನಿನ್ನಮ್ಮನಿಗೂ ಅತ್ತೆಗೂ ಹಾಗೇ ಹೇಳಿದ್ದು. ಕ್ಷೌರಿಕ ಬಾಯಿ ಬಿಡುವವನಲ್ಲ, ಆದ್ದರಿಂದ ನಾನು ಹೇಳದಿದ್ದರೆ ನಿನಗೆ ಯಾವತ್ತೂ ತಿಳಿಯುವುದಿಲ್ಲ. ಆದರೆ ಐವತ್ತು ಕಟ್ಟುವವನಿಗೆ ಮನಸ್ಸಿನಲ್ಲಿ ಅಷ್ಟಿಷ್ಟು ಅನುಮಾನ ಇರುತ್ತದೆ, ನನಗೆ ಎಳ್ಳಷ್ಟೂ ಇರಲಿಲ್ಲ. ನಿನ್ನನ್ನು ಎಷ್ಟು ಕಡಿಮೆ ಬಲ್ಲವನಾಗಿದ್ದೆ ಎಂಬುದು ನಿನಗೆ ಸರಿಯಾಗಿ ಗೊತ್ತಿರಬೇಕು. ಹಲ್ಲಿನ ಸೆಟ್ಟು ಕಟ್ಟಿಸಲು ಮೂರು ವರ್ಷದಿಂದ ಡಬ್ಬಿಯಲ್ಲಿ ಕೂಡಿಸಿದ್ದೆನಲ್ಲ, ಆ ಡಬ್ಬಿಯನ್ನೇ ಒಯ್ದು ಅವನ ಕನ್ನಡಿಯ ಮುಂದೆ ಸುರಿದಿದ್ದೆ. ಸೋತದ್ದು ಒಂಬತ್ತು ಸಾವಿರದ ಆರುನೂರ ಐವತ್ತು.